ಅಬೇಟ್, ಅಬೆಟ್ ಮತ್ತು ನಮ್ಮೂರ ಬಿಸಿಲು

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ರಾತ್ರಿ ಮನೆಯೊಳಗೆ ಮಲಗುವವರು ಕಡಿಮೆ. ಗೋಡೆ, ಫರ್ಶಿ, ಹಾಸಿಗೆ ಎಲ್ಲ ಹಗಲು ಹೀರಿಕೊಂಡ ಕಾವನ್ನು ರಾತ್ರಿ ಹೊರಗೆ ಬಿಡುತ್ತವೆ. ಅವತ್ತು ನಾವೂ ಮಾಳಿಗೆಗೆ ಎರಡು ಕೊಡ ನೀರು ಚಿಮುಕಿಸಿ, ಚಾಪೆ ಹಾಸಿ ಕೂತಿದ್ದೆವು. ಅಕ್ಕನ ಮಗಳು ಎರಡು ವರ್ಷದಿಂದ ನಮ್ಮ ಮನೆಯಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಕರೆಂಟ್ ಹೋಗಿತ್ತು. ಮೊಬೈಲ್ ಬೆಳಕನ್ನು ನೋಟ್‌ಬುಕ್ ಮೇಲೆ ಬಿಟ್ಟುಕೊಂಡು ಇಂಗ್ಲಿಷ್ ಪದಗಳನ್ನು ಮಗ್ಗಿ ಹೇಳುವ ಹಾಗೆ ಹೇಳುತ್ತಿದ್ದಳು: ಅಬೇಟ್, ಅಬೆಟ್, ಅಬ್‌ಹಾರ್, ಅಬೈಡ್, ಅಬ್‌ಜೂರ್.

ಸುಮ್ನೆ ಇರಲಾಗದೆ ಕೇಳಿದೆ. "ಅಬೇಟ್ ಅಂದ್ರ ಏನವ್ವಾ?"

"ಕುಮ್ಮಕ್ಕು ಕೊಡೋದು."

"ಮತ್ತ ಅಬೆಟ್?"

"ಕಡಿಮಿ ಆಗೋದು. ಅಲ್ಲಲ್ಲ, ತಡೀರಿ ಮಾಮಾ, ಉಲ್ಟಾ ಆತು."

ಉಲ್ಟಾ ಆಗಿದ್ದು ಮೊದಲ ಸಲವಲ್ಲವಂತೆ. ಹಿಂದಿನ ವಾರದ ಅಣಕು ಪರೀಕ್ಷೆಯಲ್ಲೂ ಇದೇ ಎರಡು ಪದ ಕೈಕೊಟ್ಟಿದ್ದವು. ಅವಳ ಮುಖ ನೋಡಿ ನನಗೆ ನನ್ನದೇ ಹೈಸ್ಕೂಲ್ ನೆನಪಾಯಿತು. ನಮ್ಮ ಮಾಸ್ತರರೂ ಹೀಗೇ ದಿನಕ್ಕೆ ಹತ್ತು ಪದ ಬರೆಸುತ್ತಿದ್ದರು. ಪಾಕೆಟ್ ಡಿಕ್ಷನರಿಯ ಮೊದಲ ಪುಟದಿಂದ ಶುರು, ಸಾಲು ತಪ್ಪುವ ಹಾಗಿಲ್ಲ. ಸೆಖೆಗೆ ಅಂಗಿ ಬಿಚ್ಚಿ ಶಹಾಬಾದ್ ಫರ್ಶಿಯ ಮೇಲೆ ಬೋರಲು ಮಲಗಿ ಬಾಯಿಪಾಠ ಮಾಡುತ್ತಿದ್ದೆ. ವರ್ಷ ಮುಗಿದರೂ ಸಿ ಅಕ್ಷರ ದಾಟಲಿಲ್ಲ. ಡಿಯಿಂದ ಆಚೆಗಿನ ಇಂಗ್ಲಿಷ್ ನನಗೆ ಬಹಳ ವರ್ಷ ಪರದೇಶವಾಗಿಯೇ ಉಳಿಯಿತು. ಕಲಿತ ಎ, ಬಿ, ಸಿಗಳಾದರೂ ಗಟ್ಟಿಯಾದವಾ ಅಂದರೆ ಅದೂ ಇಲ್ಲ. ಅಡಾಪ್ಟ್, ಅಡೆಪ್ಟ್, ಅಡಾಪ್ಟ್ ಅಂತ ಮೂರು ಪದ ಒಂದರ ಹಿಂದೊಂದು ಬರುತ್ತಿದ್ದವು. ಒಂದು ಹೊಂದಿಕೊಳ್ಳೋದು, ಇನ್ನೊಂದು ಪಳಗಿದವ, ಮತ್ತೊಂದು ದತ್ತು ತಗೊಳ್ಳೋದು. ಈಗ ಬರೆಯುವಾಗಲೇ ನೋಡಿ, ಕನ್ನಡ ಲಿಪಿಯಲ್ಲಿ ಎರಡು ಒಂದೇ ಆಗಿಬಿಟ್ಟವು.

ಅವಳ ಐದು ಪದಗಳನ್ನೇ ತಗೊಳ್ಳಿ. ಅಬೇಟ್ ಹಳೆಯ ಫ್ರೆಂಚಿನಿಂದ ಬಂದದ್ದು, ಮೂಲದಲ್ಲಿ ಬಡಿದು ಕೆಳಗೆ ಬೀಳಿಸುವುದು. ಗಾಳಿಯೋ ಜ್ವರವೋ ನೋವೋ ತನ್ನ ಜೋರು ಕಳೆದುಕೊಂಡು ಇಳಿದರೆ ಅಬೇಟ್. ಅಬೆಟ್ ಕೂಡ ಹಳೆಯ ಫ್ರೆಂಚಿನದೇ, ಆದರೆ ಅದರ ಮೂಲ ನಾಯಿಯನ್ನು ಕಚ್ಚು ಅಂತ ಕೆಣಕಿ ಬಿಡುವುದು. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ, ಛೂ ಬಿಡೋದು. ಪೇಪರಿನವರು ‘ಕುಮ್ಮಕ್ಕು’ ಅಂತಾರೆ, ಕಾನೂನಿನವರು ‘ದುಷ್ಪ್ರೇರಣೆ’ ಅಂತಾರೆ, ಎರಡರಲ್ಲೂ ನಾಯಿ ಕಾಣೋದಿಲ್ಲ. ಇನ್ನು ಅಬ್‌ಹಾರ್ ಮತ್ತು ಅಬ್‌ಜೂರ್ ಲ್ಯಾಟಿನ್ ಕಡೆಯವು. ಅಲ್ಲಿ ‘ಅಬ್’ ಅಂದರೆ ‘ದೂರ’. ಹೇಸಿ ನಡುಗಿ ದೂರ ಸರಿದರೆ ಅಬ್‌ಹಾರ್, ಆಣೆ ಮಾಡಿ ದೂರ ಮಾಡಿದರೆ ಅಬ್‌ಜೂರ್. ಅಬೈಡ್, ಅಂದರೆ ತಾಳಿಕೊಳ್ಳೋದು, ಅಚ್ಚ ಹಳೆಯ ಇಂಗ್ಲಿಷ್, ಲ್ಯಾಟಿನ್ನಿನ ಗಾಳಿಯೂ ಅದಕ್ಕೆ ಸೋಕಿಲ್ಲ. ಐದು ಪದ, ಮೂರು ಊರು. ಬಸ್ ಸ್ಟ್ಯಾಂಡಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರನ್ನು ನೋಡಿ ಅಣ್ಣತಮ್ಮಂದಿರು ಅಂದುಕೊಂಡ ಹಾಗಾಯಿತು ನಮ್ಮ ಬಾಯಿಪಾಠ.

"ಅಬೆಟ್ ಅಂದ್ರ ಛೂ ಬಿಡೋದು" ಅಂದೆ. ಅವಳು ನಕ್ಕಳು. ಆಮೇಲೆ ಆ ಪದ ತಪ್ಪಲಿಲ್ಲ.

ಟ್ಯಾಂಕರ್ ಹಿಂದಿನ ಅಕ್ಷರ

ಆರಂಭದ ಅಕ್ಷರಗಳನ್ನು ನಂಬಿ ನಾನು ಕೆಟ್ಟ ಕಥೆಯೊಂದಿದೆ. ಎಂಟನೆಯ ಇಯತ್ತೆ ಇರಬೇಕು. ಆ ವಾರ ಮಾಸ್ತರರು ಅನ್, ಇನ್, ಡಿಸ್ ಪಾಠ ಮಾಡಿದ್ದರು. ಪದದ ಮುಂದೆ ಇವು ಬಂದರೆ ಅರ್ಥ ತಿರುಗುಮುರುಗು. ಕರೆಕ್ಟ್ ಅಂದರೆ ಸರಿ, ಇನ್‌ಕರೆಕ್ಟ್ ಅಂದರೆ ತಪ್ಪು. ಇಷ್ಟು ಸುಲಭದ ಸೂತ್ರ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಕಂಡ ಪದಕ್ಕೆಲ್ಲ ಹಚ್ಚಿ ನೋಡುವ ಹುಕಿ.

ಭಾನುವಾರ ಕಾಕಾ ನನ್ನನ್ನು ಲೂನಾ ಮೇಲೆ ಕೂರಿಸಿಕೊಂಡು ಹುಮನಾಬಾದ್ ರಸ್ತೆಯ ಕಡೆ ಹೊರಟಿದ್ದರು. ದಾರಿಯಲ್ಲಿ ಚಹಾದ ಹೋಟೆಲ್. ಅದರ ಮುಂದೆ ಒಂದು ಪೆಟ್ರೋಲ್ ಟ್ಯಾಂಕರ್ ನಿಂತಿತ್ತು. ನೆರಳಿದ್ದದ್ದು ಅದೊಂದರ ಪಕ್ಕದಲ್ಲೇ, ನಾವೂ ಅಲ್ಲೇ ನಿಂತೆವು. ಕಾಕಾ ಕಿಸೆಯಿಂದ ಬೀಡಿ ತೆಗೆದು, ಟ್ಯಾಂಕರ್ ನೋಡಿ, ಯಾಕೋ ಅನುಮಾನಿಸಿದರು. ನಾನು ಅದರ ಹಿಂದೆ ಕೆಂಪು ಅಕ್ಷರದಲ್ಲಿ ಬರೆದದ್ದನ್ನು ಓದಿದೆ. ‘ಹೈಲಿ ಇನ್‌ಫ್ಲೇಮಬಲ್’. ಫ್ಲೇಮ್ ಅಂದರೆ ಉರಿ. ಇನ್ ಅಂದರೆ ಇಲ್ಲ. ಹೈಲಿ ಅಂದರೆ ಬಹಳ. ಲೆಕ್ಕ ಮುಗಿಯಿತು.

"ಕಾಕಾ, ಇದಕ್ಕ ಬೆಂಕಿ ಹತ್ತಂಗಿಲ್ರಿ. ಹಿಂದ ಬರದಾರ ನೋಡ್ರಿ."

ಕಾಕಾ ಮೂರನೇ ಇಯತ್ತೆ ಓದಿದವರು. ಅಣ್ಣನ ಮಗ ಇಂಗ್ಲಿಷ್ ಓದಿ ಹೇಳುತ್ತಿದ್ದಾನೆ ಅನ್ನುವ ಹೆಮ್ಮೆ ಅವರ ಮುಖದ ಮೇಲೆ ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೀಡಿ ತುಟಿಗೆ ಹೋಯಿತು, ಕಡ್ಡಿಪೆಟ್ಟಿಗೆ ಕೈಗೆ ಬಂತು. ಅಷ್ಟರಲ್ಲಿ ಎಲ್ಲಿದ್ದನೋ ಕ್ಲೀನರ್ ಹುಡುಗ, "ಅರೇ ಚಾಚಾ, ಮರ್ನಾ ಹೈ ಕ್ಯಾ" ಅನ್ನುತ್ತ ಓಡಿ ಬಂದು ಕಡ್ಡಿಪೆಟ್ಟಿಗೆಯನ್ನೇ ಕಸಿದುಕೊಂಡ. ಆ ಹುಡುಗನಿಗೆ ನನಗಿಂತ ಎರಡು ವರ್ಷ ಜಾಸ್ತಿ ಇರಬಹುದು. ಅಕ್ಷರ ಬರುತ್ತಿತ್ತೋ ಇಲ್ಲವೋ. ಟ್ಯಾಂಕರಿನ ಒಳಗೆ ಏನಿದೆ ಅನ್ನುವುದು ಮಾತ್ರ ಗೊತ್ತಿತ್ತು. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಚಹಾ ಕುಡಿದು, ಲೂನಾ ಚಾಲೂ ಮಾಡುವಾಗ ಅಂದರು: "ನಿನ್ನ ಇಂಗ್ಲಿಷ್ ಇವತ್ತ ನನ್ನ ಸುಡತಿತ್ತಲ್ಲೋ."

ಇನ್‌ಫ್ಲೇಮಬಲ್ ಪದದ ‘ಇನ್’ಗೆ ಇಲ್ಲ ಅನ್ನುವ ಅರ್ಥವೇ ಇಲ್ಲ ಅನ್ನೋದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅದು ‘ಒಳಗೆ’ ಅನ್ನುವ ಲ್ಯಾಟಿನ್ನಿನ ಇನ್ನೊಂದು ‘ಇನ್’. ಉರಿಯೊಳಕ್ಕೆ ತಳ್ಳು, ಉರಿ ಹೊತ್ತಿಸು ಅನ್ನುವ ಕ್ರಿಯಾಪದದಿಂದ ಹುಟ್ಟಿದ ಪದ. ಹಾಗಾಗಿ ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಒಂದೇ, ಎರಡಕ್ಕೂ ಬೆಂಕಿ ಹತ್ತುತ್ತದೆ. ಮೋಸ ಹೋದದ್ದು ನಾನೊಬ್ಬನೇ ಅಲ್ಲ ಅನ್ನುವುದೊಂದು ಸಮಾಧಾನ. ಇಂಗ್ಲಿಷ್ ಮಾತಾಡುವವರೇ ತಪ್ಪು ತಿಳಿದಾರು ಅಂತ ಹೆದರಿ, ಅಮೆರಿಕದ ಅಗ್ನಿ ಸುರಕ್ಷತೆಯವರು 1920ರ ದಶಕದಲ್ಲಿ ‘ಇನ್’ ಬಿಟ್ಟು ಬರೀ ಫ್ಲೇಮಬಲ್ ಅಂತ ಬರೆಯಿರಿ ಎಂದು ಒತ್ತಾಯಿಸಿದರು. ನಮ್ಮ ಟ್ಯಾಂಕರುಗಳಿಗೆ ಆ ಸುದ್ದಿ ಮುಟ್ಟಿದ ಹಾಗಿರಲಿಲ್ಲ.

ಇನ್‌ವ್ಯಾಲ್ಯುಯಬಲ್ ಇನ್ನೊಂದು ಥರ. ಅಲ್ಲಿ ‘ಇನ್’ ಅಂದರೆ ಇಲ್ಲ ಅಂತಲೇ, ಆದರೆ ಬೆಲೆ ಇಲ್ಲದ್ದು ಅಂತಲ್ಲ, ಬೆಲೆ ಕಟ್ಟಲಾಗದ್ದು ಅಂತ. ಇದರಲ್ಲಿ ನನ್ನ ಸೊಸೆ, ಅದೇ ಅಕ್ಕನ ಮಗಳು, ತೊಡರಲಿಲ್ಲ. ‘ಅಮೂಲ್ಯ ಇದ್ದಂಗ ಅಲ್ರಿ?’ ಅಂದಳು. ಹೌದಲ್ಲ, ‘ಅ’ ಹಚ್ಚಿದ ಮೂಲ್ಯ ಇನ್ನಷ್ಟು ತುಟ್ಟಿಯಾಗುವುದು ನಮಗೆ ಯಾವತ್ತೂ ವಿಚಿತ್ರ ಅನಿಸಿಲ್ಲ.

ಬೇಕಾರ್ ಬೇರೆ, ಬೇಸಾಯ ಬೇರೆ

ನಮ್ಮ ಕಡೆಯವರಿಗೆ ಈ ಥರದ ಮೋಸ ಹೊಸದಲ್ಲ ಬಿಡಿ. 1948ರ ಸೆಪ್ಟೆಂಬರ್ ತನಕ ನಿಜಾಮರ ರಾಜ್ಯ, ಕಚೇರಿಯಲ್ಲಿ ಉರ್ದು. ನಮ್ಮ ಬಾಯಲ್ಲಿ ಫಾರ್ಸಿಯ ‘ಬೇ’ ಉಳಿದೇ ಹೋಗಿದೆ. ಬೇ ಅಂದರೆ ಇಲ್ಲದ್ದು. ಕೆಲಸವಿಲ್ಲದವ ಬೇಕಾರ್, ಚಿಂತೆಯಿಲ್ಲದವ ಬೇಫಿಕರ್, ನಿಯತ್ತಿಲ್ಲದವ ಬೇಇಮಾನ್, ಎಚ್ಚರ ತಪ್ಪಿದವ ಬೇಹೋಶ್. ಶಾಲೆಗೆ ಹೋಗದ ಅಜ್ಜಿಯೂ ಈ ವ್ಯಾಕರಣವನ್ನು ತಪ್ಪಿಲ್ಲದೆ ಬಳಸುತ್ತಾಳೆ. ಆದರೆ ಅದೇ ಅಜ್ಜಿ ಬೇವು, ಬೇಲಿ, ಬೇಗ ಅನ್ನುವಾಗ ಅಲ್ಲಿ ಇಲ್ಲದ್ದೇನೂ ಇಲ್ಲ ಅನ್ನೋದನ್ನೂ ಬಲ್ಲಳು. ನಮ್ಮ ಕಾಕಾ ಮಾತ್ರ ಬೇಕಂತಲೇ ಎರಡನ್ನೂ ಕಲಸುತ್ತಿದ್ದರು. ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷ ಯಾರೋ ಹೇಗಿದೆ ಒಕ್ಕಲುತನ ಅಂತ ಕೇಳಿದರು. "ಬೇ ಅಂದ್ರ ಇಲ್ಲ. ಬೇಸಾಯ ಅಂದ್ರ ಸಾಯೋದಿಲ್ಲ. ಅಷ್ಟ ನೋಡು, ಸತ್ತಿಲ್ಲ" ಅಂದರು. ಈ ‘ಬೇ’ಗೂ ಆ ಬೇಸಾಯಕ್ಕೂ ಸಂಬಂಧವಿಲ್ಲ ಅಂತ ಅವರಿಗೂ ಗೊತ್ತಿತ್ತು. ಟ್ಯಾಂಕರಿನ ಸೇಡು ತೀರಿಸಿಕೊಂಡರೋ ಏನೋ.

ಹಾಗಂತ ಮೊದಲಕ್ಷರ ಕೂಡಿದ್ದೆಲ್ಲ ಬರೀ ಕಾಕತಾಳೀಯ ಅಂತಲೂ ಹೇಳಲಾಗದು. ಅದೇ ‘ಬೇ’ ಹಿಡಿದು ಇನ್ನೊಂದು ಓಣಿಗೆ ಬನ್ನಿ. ಬೇಯು, ಬೇಗೆ, ಬೇಸಿಗೆ. ಸ್ವರ ಸ್ವಲ್ಪ ಸಡಿಲಿಸಿದರೆ ಬೆಂಕಿ, ಬೆಚ್ಚಗೆ, ಬಿಸಿ, ಬಿಸಿಲು. ಇವೆಲ್ಲ ನಿಜವಾಗಿಯೂ ಒಂದೇ ಮನೆಯವು. ದ್ರಾವಿಡ ಭಾಷೆಗಳ ಪದಗಳನ್ನೆಲ್ಲ ಬೇರು ಹಿಡಿದು ಗುಂಪು ಮಾಡಿದ ಬರೋ ಮತ್ತು ಎಮೆನೋ ಎಂಬ ಪಂಡಿತರೂ ಸುಡುವ, ಬೇಯುವ ಒಂದೇ ಬೇರಿನ ಕೆಳಗೆ ಇಂಥವನ್ನು ಕೂರಿಸುತ್ತಾರೆ. ‘ಬೆವರು’ ಇದೇ ಮನೆಯದು ಅಂತ ನಾನು ಆಣೆ ಮಾಡಿ ಹೇಳುತ್ತಿದ್ದೆ. ಇಲ್ಲವಂತೆ, ಹಳಗನ್ನಡದಲ್ಲಿ ಅದು ‘ಬೆಮರ್’, ಅದರ ಬೇರೇ ಬೇರೆ. ಮೇ ತಿಂಗಳಲ್ಲಿ ಸೂಪರ್ ಮಾರ್ಕೆಟಿನಿಂದ ಜಗತ್ ಸರ್ಕಲ್ ತನಕ ನಡೆದು ಬಂದವನಿಗೆ ಈ ಮಾತು ಒಪ್ಪಿಸೋದು ಕಷ್ಟ.

ಗ್ಲ, ಸ್ನ, ಮಿ, ಮೂ

ಇಂಗ್ಲಿಷಿನಲ್ಲೂ ಇಂಥ ಓಣಿಗಳಿವೆ. ಪಟ್ಟಿಯಲ್ಲಿ ‘ಗ್ಲ’ ಬಂದಾಗ ಸೊಸೆಗೆ ಸುಸ್ತಾಗಿತ್ತು. ಗ್ಲೀಮ್, ಗ್ಲಿಂಟ್, ಗ್ಲಿಟರ್, ಗ್ಲಿಮರ್, ಗ್ಲಿಸನ್, ಗ್ಲೋ, ಗ್ಲೇರ್. ಎಲ್ಲದರ ಮುಂದೂ ‘ಹೊಳೆ’ ಅಂತ ಒಂದೇ ಅರ್ಥ ಬರೆದುಕೊಂಡಿದ್ದಳು. ಕೆಂಡ ಗ್ಲೋ ಆಗುತ್ತದೆ, ಜರಿ ಸೀರೆ ಗ್ಲಿಟರ್, ಬೆವರಿನ ಹಣೆ ಗ್ಲಿಸನ್, ಚಾಕುವಿನ ಅಂಚು ಗ್ಲಿಂಟ್, ನಮ್ಮೂರ ಮಧ್ಯಾಹ್ನದ ಡಾಂಬರು ರಸ್ತೆ ಗ್ಲೇರ್. ಹೊಳೆಯುವುದು ಒಂದೇ, ಹೊಳೆಯುವ ವಸ್ತು ಬೇರೆ. ಸ್ನಿಫ್, ಸ್ನೀಜ್, ಸ್ನೋರ್, ಸ್ನಾರ್ಟ್, ಸ್ನೌಟ್ ನೋಡಿ, ಎಲ್ಲ ಮೂಗಿನ ಸುತ್ತಲೇ ಸುತ್ತುತ್ತವೆ. ಒಂದು ಧ್ವನಿ ಒಂದು ಅರ್ಥಕ್ಕೆ ಹೀಗೆ ಅಂಟಿಕೊಳ್ಳುವುದನ್ನು ಗಮನಿಸಿ, ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್ 1930ರಲ್ಲಿ ಅದಕ್ಕೆ ‘ಫೋನೆಸ್ತೀಮ್’ ಅಂತ ಹೆಸರಿಟ್ಟರು.

ಸ್ನೇಕ್‌ಗೂ ಮೂಗಿಗೂ ಏನೂ ಇಲ್ಲ, ಗ್ಲೌವ್ ಹೊಳೆಯೋದಿಲ್ಲ. ಹಾಗಾಗಿ ಇದು ನಿಯಮವಲ್ಲ, ಒಲವು ಅಷ್ಟೆ. ಗ್ಲ್ಯಾಡ್ ಮಾತ್ರ ನನಗೆ ಆಶ್ಚರ್ಯ ಹುಟ್ಟಿಸಿತು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹೊಳೆಯುವ, ಬೆಳಗುವ ಅನ್ನುವ ಅರ್ಥವೂ ಇತ್ತು. ಖುಷಿಯಾದವರ ಮುಖ ಬೆಳಗಿತು ಅಂತ ನಾವು ಹೇಳುವುದಿಲ್ಲವೇ, ಹಾಗೆ.

ಕನ್ನಡದಲ್ಲಿ ಇಂಥದ್ದಿದೆಯಾ ಅಂತ ಅವಳು ಕೇಳಿದಾಗ ಎದುರಿಗೇ ಉತ್ತರವಿತ್ತು. ಕರೆಂಟ್ ಹೋದ ಊರಿನ ಮೇಲೆ ಆಕಾಶ ಮಿನುಗುತ್ತಿತ್ತು. ದೂರದಲ್ಲಿ ಯಾರದೋ ಮನೆಯ ದೀಪ ಮಿಣಮಿಣ ಅನ್ನುತ್ತಿತ್ತು. ಮಿಂಚು, ಮಿನುಗು, ಮಿರುಗು, ಮಿಣುಕು, ಕಣ್ಣು ಮಿಟುಕಿಸು. ‘ಮಿ’ ಅಂದರೆ ಸಾಕು, ಏನೋ ಹೊಳೆದು ಮರೆಯಾಗುತ್ತದೆ. ಮೂಗಿಗೂ ಇದೆಯಲ್ಲ, ಮೂಗು, ಮೂಸು, ಮೂತಿ. ಇವುಗಳಲ್ಲಿ ಎಷ್ಟು ನಿಜವಾದ ನೆಂಟರು, ಎಷ್ಟು ಬರೀ ಓಣಿಯ ಸಂಗಡಿಗರು ಅಂತ ವಿಂಗಡಿಸುವುದು ಪಂಡಿತರ ಕೆಲಸ. ಕಿವಿಗೆ ಮಾತ್ರ ಎಲ್ಲರೂ ನೆಂಟರೇ. ಪದದ ಆರಂಭಕ್ಕೆ ಕಿವಿಗೊಡುವುದು ನಮ್ಮ ಹಳೆಯ ಕವಿಗಳಿಗೂ ಇತ್ತು. ಇಲ್ಲಿಂದ ಹೆಚ್ಚು ದೂರವಿಲ್ಲದ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲೇ ಕವಿರಾಜಮಾರ್ಗ ಪ್ರಾಸದ ಬಗ್ಗೆ ಚರ್ಚೆ ಮಾಡಿತ್ತು. ಸಾಲಿನ ಕೊನೆಯಲ್ಲಲ್ಲ, ಆರಂಭದಲ್ಲಿ, ಎರಡನೆಯ ಅಕ್ಷರ ಕೂಡುವ ಪ್ರಾಸ ನಮ್ಮದು. ಅತ್ತ ಹಳೆಯ ಇಂಗ್ಲಿಷ್ ಕವಿಗಳು ಪದಗಳ ಮೊದಲ ಧ್ವನಿಯನ್ನೇ ಕೂಡಿಸಿ ಸಾಲು ಕಟ್ಟುತ್ತಿದ್ದರು.

ಗಂಜಿನ ಲೆಕ್ಕ

ಹಾಗಾದರೆ ಅಕ್ಷರ ಕ್ರಮದಲ್ಲಿ ಪದ ಇಡುವ ಪದ್ಧತಿಯೇ ತಪ್ಪಾ? ಹುಡುಕುವುದಕ್ಕೆ ಅದರಷ್ಟು ಅನುಕೂಲ ಇನ್ನೊಂದಿಲ್ಲ. ರಾಬರ್ಟ್ ಕಾಡ್ರಿ ಎಂಬುವರು 1604ರಲ್ಲಿ ಸುಮಾರು 2500 ಪದಗಳ ಇಂಗ್ಲಿಷ್ ನಿಘಂಟು ಮಾಡಿದಾಗ, ಎಯಿಂದ ಶುರುವಾಗುವ ಪದ ಬೇಕಾದರೆ ಪುಸ್ತಕದ ಆರಂಭದಲ್ಲಿ ನೋಡಿ ಅಂತ ಓದುಗರಿಗೆ ಬಿಡಿಸಿ ಹೇಳಬೇಕಾಯಿತಂತೆ. ಈಗ ನಮಗೆ ತಮಾಷೆ ಅನಿಸುವ ಮಾತು. ಆದರೆ ಆ ಕ್ರಮ ಮನೆ ನಂಬರ್ ಇದ್ದ ಹಾಗೆ. ಹುಡುಕಲು ಸರಿ, ನೆಂಟಸ್ತನ ತಿಳಿಯಲು ಅಲ್ಲ. ನಮ್ಮ ನೆಹರೂ ಗಂಜಿನಲ್ಲಿ ಅಂಗಡಿಗಳನ್ನು ಮಾಲೀಕರ ಹೆಸರಿನ ಮೊದಲಕ್ಷರ ನೋಡಿ ಸಾಲಾಗಿ ಇಟ್ಟರೆ ಹೇಗಿರುತ್ತದೆ ಯೋಚಿಸಿ. ತೊಗರಿಯ ಪಕ್ಕ ಟೈರು, ಟೈರಿನ ಪಕ್ಕ ಬಳೆ. ವ್ಯಾಪಾರಿಗೆ ಬೇಕಾದದ್ದು ತೊಗರಿ ಎಲ್ಲ ಒಂದು ಕಡೆ. ಸಂಸ್ಕೃತದ ಹಳೆಯ ಪದಕೋಶ ಅಮರಕೋಶ ಮಾಡಿದ್ದು ಅದನ್ನೇ, ದೇವರಿಗೆ ಸಂಬಂಧಿಸಿದ್ದು, ಭೂಮಿಗೆ ಸಂಬಂಧಿಸಿದ್ದು ಅಂತ ಅರ್ಥ ನೋಡಿ ಗುಂಪು. ಪೀಟರ್ ಮಾರ್ಕ್ ರೊಜೆ ಎಂಬ ಇಂಗ್ಲೆಂಡಿನ ವೈದ್ಯರೂ 1852ರಲ್ಲಿ ಇಂಗ್ಲಿಷ್ ಪದಗಳನ್ನು ಹೀಗೇ ಅರ್ಥದ ಪ್ರಕಾರ ಗುಂಪು ಮಾಡಿ ಪ್ರಕಟಿಸಿದರು. ಆಗ ಅವರ ವಯಸ್ಸು 73.

ಒಂದೇ ಗುಂಪಿನಲ್ಲಿದ್ದ ಮಾತ್ರಕ್ಕೆ ಒಂದರ ಬದಲು ಒಂದು ನಡೆಯುತ್ತದೆ ಅಂತಲೂ ಅಲ್ಲ. 2014ರಲ್ಲಿ ನಮ್ಮೂರು ಸರ್ಕಾರಿ ಕಾಗದದಲ್ಲಿ ಕಲಬುರಗಿ ಆಯಿತು. ವಿಶ್ವವಿದ್ಯಾಲಯ ಮಾತ್ರ ಗುಲ್ಬರ್ಗಾ ಹೆಸರನ್ನೇ ಇಟ್ಟುಕೊಂಡಿದೆ. ಊರು ಅದೇ. ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳುವಾಗ ಮಾತ್ರ ಈಗಲೂ ನನ್ನ ಬಾಯಿಗೆ ಗುಲ್ಬರ್ಗಾ ಅಂತಲೇ ಬರುತ್ತದೆ.

ಓಣಿಯವರೆಲ್ಲ ಸೇರಿ ಒಮ್ಮೆ ಕರೆಂಟಿನ ಬಗ್ಗೆ ದೂರು ಬರೆದಿದ್ದೆವು. ಇಂಗ್ಲಿಷಿನಲ್ಲಿ ಬರೆದರೆ ತೂಕ ಬರುತ್ತದೆ ಅಂತ ನನಗೆ ವಹಿಸಿದರು. ಮೂರು ದಿನದಿಂದ ‘ಕಂಟಿನ್ಯುಯಸ್’ ಆಗಿ ಕರೆಂಟ್ ಇಲ್ಲ ಅಂತ ಬರೆದೆ. ಸಾಹೇಬರು ರಜಿಸ್ಟರ್ ತೆಗೆದು ತೋರಿಸಿದರು, ದಿನಕ್ಕೆ ಇಷ್ಟಿಷ್ಟು ತಾಸು ಕೊಟ್ಟಿದ್ದೇವಲ್ಲ. ಕಂಟಿನ್ಯುಯಸ್ ಅಂದರೆ ಒಂದೇ ಸಮನೆ, ಕಂಟಿನ್ಯುಯಲ್ ಅಂದರೆ ಬಿಟ್ಟುಬಿಟ್ಟು ಮತ್ತೆಮತ್ತೆ. ಎರಡಕ್ಕೂ ಮೊದಲ ಏಳು ಅಕ್ಷರ ಒಂದೇ. ಕೊನೆಯಲ್ಲಿ ಎಡವಿದ್ದಕ್ಕೆ ಇಡೀ ಓಣಿ ಸುಳ್ಳು ಹೇಳಿದ ಹಾಗಾಯಿತು. ಕನ್ನಡದಲ್ಲೇ ‘ಹೋಗಿ ಬಂದು ಮಾಡ್ತದ್ರಿ’ ಅಂತ ಬರೆದಿದ್ದರೆ ಮುಗಿದಿತ್ತು.

ಗ್ಲಾನ್ಸ್ ಮತ್ತು ಗ್ಲಿಂಪ್ಸ್ ಜೋಡಿಯನ್ನು ಅವಳಿಗೆ ತಿಳಿಸಲು ಶರಣಬಸವೇಶ್ವರರ ಜಾತ್ರೆ ಬೇಕಾಯಿತು. ಹೋಳಿ ಮುಗಿದ ಮೇಲಿನ ತೇರು. ಆ ಸಲ ಜನ ಎಷ್ಟಿದ್ದರೆಂದರೆ ನಾವು ತೇರಿನ ಹತ್ತಿರಕ್ಕೂ ಹೋಗಲಾಗಲಿಲ್ಲ. ಮುಂದಿನವರ ತಲೆ, ಹೆಗಲ ಮೇಲಿನ ಮಕ್ಕಳು, ಗಾಳಿಯಲ್ಲಿ ಹಾರುವ ಉತ್ತತ್ತಿ, ಬಾಳೆಹಣ್ಣು. ಒಂದೇ ಒಂದು ಸಲ, ಎರಡು ತಲೆಗಳ ಸಂದಿಯಲ್ಲಿ, ಕಳಸ ಕಂಡು ಮರೆಯಾಯಿತು. ಅವಳು ಕೈ ಮುಗಿಯುವಷ್ಟರಲ್ಲಿ ಇಲ್ಲ. "ಅದು ಗ್ಲಿಂಪ್ಸ್" ಅಂದೆ. ಕಣ್ಣಿಗೆ ಬಿದ್ದದ್ದು. ಆಮೇಲೆ ಅವಳು ಮೊಬೈಲ್ ತೆಗೆದು ಎಷ್ಟು ಹೊತ್ತಾಯಿತು ಅಂತ ಒಮ್ಮೆ ಕಣ್ಣು ಹಾಯಿಸಿದಳಲ್ಲ, ಅದು ಗ್ಲಾನ್ಸ್. ಒಂದು ನಾವು ನೋಡುವುದು, ಇನ್ನೊಂದು ತಾನಾಗಿ ಕಾಣುವುದು. ಅವಳ ಗೈಡಿನಲ್ಲಿ ಎರಡಕ್ಕೂ ‘ಕ್ಷಣಿಕ ನೋಟ’ ಅಂತಿದೆ.

ಈಗ ಅವಳು ಆ ಪಟ್ಟಿಯನ್ನು ಒಡೆದು ಹೊಸ ನೋಟ್‌ಬುಕ್ ಮಾಡಿಕೊಂಡಿದ್ದಾಳೆ. ಮೊನ್ನೆ ತೆಗೆದು ನೋಡಿದೆ. ಮೊದಲ ಪುಟದ ತಲೆಬರಹ ‘ಛೂ ಬಿಡೋ ಪದಗಳು’. ಕೆಳಗೆ ಅಬೆಟ್, ಇನ್‌ಸೈಟ್, ಇನ್‌ಸ್ಟಿಗೇಟ್, ಗೋಡ್, ಎಗ್ ಆನ್. ಎಗ್ ಆನ್ ಮುಂದೆ ‘ತತ್ತಿ ಅಲ್ಲ’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ. ಹೌದು, ಅದು ನಾರ್ಸ್ ಭಾಷೆಯ ಬೇರೆಯೇ ಪದ. ‘ಮೂಗಿನ ಪದಗಳು’ ಅಂತ ಒಂದು ಪುಟ. ‘ಇಳಿಯೋ ಪದಗಳು’ ಅಂತ ಒಂದು, ಅಲ್ಲಿ ಅಬೇಟ್ ಸುಖವಾಗಿ ಕೂತಿದೆ. ಆಮೇಲೆ ‘ಬಿಸಿಲು’ ಅಂತ ತಲೆಬರಹವಿದ್ದ ಒಂದು ಖಾಲಿ ಪುಟ.

"ಇದ್ಯಾಕ ಖಾಲಿ ಬಿಟ್ಟಿ?"

"ಬಿಸಿಲಿಗೆ ಇಂಗ್ಲಿಷಿನಾಗ ಏನಂತಾರ ಮಾಮಾ? ಸನ್‌ಲೈಟ್ ಅಂದ್ರ ಬರೇ ಬೆಳಕು. ಹೀಟ್ ಅಂದ್ರ ಒಲಿದೂ ಆತು."

"ಸನ್‌ಶೈನ್ ಅಂತ ಅದ ಅಲ್ಲ."

ಅವಳು ಕಿಟಕಿಯ ಹೊರಗೆ ನೋಡಿದಳು. ಮಧ್ಯಾಹ್ನ ಎರಡು ಗಂಟೆ, ಓಣಿಯಲ್ಲಿ ನಾಯಿಯೂ ಇಲ್ಲ. ಎದುರು ಮನೆಯ ತಗಡಿನ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ.

"ಇದಕ್ಕ ಸನ್‌ಶೈನ್ ಅಂತಾರೇನ್ರಿ?" ಅಂದಳು. ಪೆನ್ನಿನ ಮುಚ್ಚಳ ಹಾಕಿ, ಕೂಲರಿಗೆ ನೀರು ಹಾಕಲು ಎದ್ದು ಹೋದಳು.